ಗೋಮಾಳದ ನೆಲಗುಬ್ಬಿ

ಮೇಕೆ ಹೊಡೆದುಕೊಂಡು ಗೋಮಾಳಕ್ಕೆ ಹೋಗಿದ್ದೀರಿ. ಬಿಸಿಲು ಏರಿದೆ. ಮುಂದೆ ಬರೀ ಕಲ್ಲು, ಮಣ್ಣು, ಒಣಗಿದ ಹುಲ್ಲು. ಒಂದು ಹೆಜ್ಜೆ ಇಡುತ್ತೀರಿ. ಕಾಲ ಬಳಿ ಇದ್ದ ಮಣ್ಣಿನ ಹೆಂಟೆ ಪುರ್ ಅಂತ ಹಾರಿ ಹೋಗುತ್ತದೆ!

ಹೆಂಟೆ ಹಾರುತ್ತದೆಯೇ? ಇಲ್ಲ. ಅದು ಹಕ್ಕಿ. ಮಣ್ಣಿನ ಬಣ್ಣದ ಹಕ್ಕಿ. ಅದರ ಹೆಸರು ನೆಲಗುಬ್ಬಿ.

ನೀವು ಈ ಹಕ್ಕಿಯನ್ನು ನೂರು ಸಲ ನೋಡಿರುತ್ತೀರಿ. ಆದರೆ ಹೆಸರು ಕೇಳಿರಲಿಕ್ಕಿಲ್ಲ. ಮನೆಯ ಸೂರಿನಲ್ಲಿ ಗೂಡು ಕಟ್ಟುವ ಗುಬ್ಬಚ್ಚಿ ಎಲ್ಲರಿಗೂ ಗೊತ್ತು. ಅದರ ಹೆಸರಲ್ಲಿ ಒಂದು ದಿನವೇ ಇದೆ. 2010ರಿಂದ ಪ್ರತಿ ವರ್ಷ ಮಾರ್ಚ್ 20ರಂದು ಗುಬ್ಬಚ್ಚಿ ದಿನ ಆಚರಿಸುತ್ತಾರೆ. ನೆಲಗುಬ್ಬಿಗೆ ಅಂಥ ದಿನ ಇಲ್ಲ. ಅದರ ಪಾಡಿಗೆ ಅದು ನೆಲದ ಮೇಲೆ ಬದುಕಿದೆ.

ನನಗೂ ಈ ಹಕ್ಕಿ ಗೊತ್ತಿರಲಿಲ್ಲ. ತೋರಿಸಿದ್ದು ಒಬ್ಬ ಅಜ್ಜಿ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಅದು ಜೂನ್ 5, ಪರಿಸರ ದಿನ. ಮುಂಗಾರು ಇನ್ನೂ ಹಿಡಿದಿರಲಿಲ್ಲ. ನಾನು ಶಾಲೆಯ ಮಕ್ಕಳನ್ನು ಕರೆದುಕೊಂಡು ಊರಿನ ಗೋಮಾಳಕ್ಕೆ ಹೋದೆ. ಹೊಂಗೆ ಸಸಿ, ಹಾರೆ, ಗುದ್ದಲಿ ಎಲ್ಲಾ ಇತ್ತು. ಬರಡು ನೆಲ, ಇಲ್ಲಿ ನಾಲ್ಕು ಮರ ಬೆಳೆದರೆ ಒಳ್ಳೆಯದು ಅಂತ ನನ್ನ ಲೆಕ್ಕ. ಮಕ್ಕಳು ಗುಂಡಿ ತೋಡಲು ಶುರು ಮಾಡಿದರು.

ಅಲ್ಲೇ ಕುರಿ ಮೇಯಿಸುತ್ತಿದ್ದ ಅಜ್ಜಿ ಹತ್ತಿರ ಬಂದರು. ನಮ್ಮ ಕಲಿಕಾ ಕೇಂದ್ರಕ್ಕೆ ರಾತ್ರಿ ಹೊತ್ತು ಬಂದು ಹೆಸರು ಬರೆಯಲು ಕಲಿತವರು ಅವರು.

"ಯಾಕ್ ಟೀಚರಮ್ಮ, ಇಲ್ಲಿ ಗುಂಡಿ ತೋಡುಸ್ತಿದ್ದೀಯ?" ಅಂದರು.

"ಮರ ಬೆಳೆಸೋಣ ಅಂತ ಅಜ್ಜಿ. ಸುಮ್ಮನೆ ಪಾಳು ಬಿದ್ದೈತಲ್ಲ" ಅಂದೆ.

"ಯಾರಮ್ಮ ಹೇಳಿದ್ದು ಪಾಳು ಅಂತ? ನನ್ನ ಕುರಿ ಏನು ಗಾಳಿ ಕುಡ್ಕೊಂಡ್ ಬದುಕ್ತಾವಾ? ಮಳೆ ಬಿದ್ದ ಮೇಲೆ ಬಂದು ನೋಡು, ಹೆಂಗ್ ಹುಲ್ಲು ಏಳ್ತದೆ ಅಂತ. ಅಲ್ಲಿ ಆ ಹುಡುಗ ನಿಂತವ್ನಲ್ಲ, ಅವನ್ನ ಮೆಲ್ಲಗೆ ಹಿಂದಕ್ಕೆ ಬರೋಕೆ ಹೇಳು. ಕಾಲತ್ರ ಗೂಡೈತೆ."

ನಾವು ಬಗ್ಗಿ ನೋಡಿದೆವು. ಏನೂ ಕಾಣಲಿಲ್ಲ. ಅಜ್ಜಿ ಕೋಲು ಚಾಚಿ ತೋರಿಸಿದರು. ಒಂದು ಕಲ್ಲು. ಅದರ ಮಗ್ಗುಲಲ್ಲಿ ಒಂದು ಹಿಡಿ ಹುಲ್ಲು. ಅದರ ಬುಡದಲ್ಲಿ ದನದ ಗೊರಸಿನ ಗುರುತಿನಷ್ಟು ಗುಳಿ. ಗುಳಿಯಲ್ಲಿ ಎರಡು ಮೊಟ್ಟೆ. ಹುಡುಗನ ಕಾಲಿಗೂ ಅದಕ್ಕೂ ಒಂದು ಗೇಣು ಮಾತ್ರ.

ಆ ದಿನ ನಾವು ಸಸಿಗಳನ್ನು ವಾಪಸ್ ತಂದು ಶಾಲೆಯ ಬೇಲಿ ಪಕ್ಕ ನೆಟ್ಟೆವು.

ಈಗ ಹಕ್ಕಿಯ ವಿಷಯಕ್ಕೆ ಬರೋಣ.

ನೋಡಲು ಹೇಗಿದೆ?

ನೆಲಗುಬ್ಬಿ ಮನೆಗುಬ್ಬಿಗಿಂತ ಒಂದು ಚೂರು ಸಣ್ಣದು. ದಪ್ಪ ಕೊಕ್ಕು. ಗಿಡ್ಡ ಕಾಲು. ನಡೆದರೆ ನೆಲಕ್ಕೆ ಅಂಟಿಕೊಂಡು ಹರಿದಾಡಿದ ಹಾಗೆ ಕಾಣುತ್ತದೆ.

ಗಂಡು ಹಕ್ಕಿಯ ಗುರುತು ಸುಲಭ. ತಲೆಯ ಮೇಲೆ ಬೂದಿ ಬಣ್ಣ. ಒಲೆಯ ಬೂದಿ ಸವರಿದಂತೆ. ಕಣ್ಣಿನ ಮೇಲೆ ಅಡ್ಡಲಾಗಿ ಕಪ್ಪು ಪಟ್ಟಿ. ಕಾಡಿಗೆ ಬಳಿದಂತೆ. ಗದ್ದದಿಂದ ಹೊಟ್ಟೆಯವರೆಗೂ ಕಪ್ಪು. ಕೆನ್ನೆ ಮಾತ್ರ ಬಿಳುಪು. ಬೆನ್ನು ಮಣ್ಣಿನ ಬಣ್ಣ.

ಹೆಣ್ಣಿಗೆ ಕಾಡಿಗೆಯೂ ಇಲ್ಲ, ಬೂದಿಯೂ ಇಲ್ಲ. ಅಡಿಯಿಂದ ಮುಡಿಯವರೆಗೆ ತಿಳಿ ಕಂದು. ಹೆಣ್ಣು ಗುಬ್ಬಚ್ಚಿಯನ್ನು ನೋಡಿದಂತೆಯೇ ಇರುತ್ತದೆ. ಅದು ಗೂಡಿನಲ್ಲಿ ಕೂತರೆ ನೆಲ ಯಾವುದು, ಹಕ್ಕಿ ಯಾವುದು ಅಂತ ತಿಳಿಯುವುದಿಲ್ಲ. ಅದಕ್ಕೆ ಬೇಕಾದ್ದೂ ಅದೇ. ಗಿಡುಗನ ಕಣ್ಣಿಗೆ ಬೀಳಬಾರದಲ್ಲ!

ಹೆಸರಿನಲ್ಲಿ ಗುಬ್ಬಿ ಇದೆ. ಆದರೆ ಮನೆಗುಬ್ಬಿಯ ಕುಲವೇ ಬೇರೆ, ಇದರ ಕುಲವೇ ಬೇರೆ. ಇದು ಹಾಡುತ್ತಾ ಆಕಾಶಕ್ಕೆ ಏರುವ ಹಕ್ಕಿಗಳ ಕುಲಕ್ಕೆ ಸೇರಿದ್ದು. ಇನ್ನೊಂದು ವ್ಯತ್ಯಾಸ ಇದೆ. ನೆಲಗುಬ್ಬಿ ಮರದ ಮೇಲೆ ಕೂರುವುದಿಲ್ಲ. ಕರೆಂಟು ತಂತಿಯ ಮೇಲೂ ಕೂರುವುದಿಲ್ಲ. ಕೂರಬೇಕು ಅನ್ನಿಸಿದರೆ ಒಂದು ಕಲ್ಲು, ಇಲ್ಲವೇ ಒಂದು ಹೆಂಟೆ. ಅದಕ್ಕಿಂತ ಎತ್ತರದ ಪೀಠ ಅದಕ್ಕೆ ಬೇಡ.

ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಆಕಾಶದಲ್ಲಿ ಜಾರುಬಂಡೆ

ನೆಲದ ಮೇಲೆ ಇಷ್ಟು ಸಾಧು ಹಕ್ಕಿ. ಆದರೆ ಗೂಡು ಕಟ್ಟುವ ಕಾಲ ಬಂದರೆ ಗಂಡಿನ ಆಟ ನೋಡಬೇಕು.

ರೆಕ್ಕೆ ಪಟಪಟ ಬಡಿಯುತ್ತಾ ಮೇಲೆ ಮೇಲೆ ಏರುತ್ತದೆ. ತೆಂಗಿನ ಮರಕ್ಕಿಂತ ಎತ್ತರ ಹೋಗುತ್ತದೆ. ಆಮೇಲೆ ರೆಕ್ಕೆ ಮುಚ್ಚಿ, ತಲೆ ಕೆಳಗೆ ಮಾಡಿ, ಕಲ್ಲು ಬಿದ್ದ ಹಾಗೆ ಬೀಳುತ್ತದೆ. ಬೀಳುವಾಗ ಉದ್ದಕ್ಕೆ ಸಿಳ್ಳೆ ಹಾಕುತ್ತದೆ. ಅಯ್ಯೋ, ನೆಲಕ್ಕೆ ಬಡಿಯಿತು ಅನ್ನುವಷ್ಟರಲ್ಲಿ ಮತ್ತೆ ಮೇಲಕ್ಕೆ! ಹೀಗೆ ಏರುವುದು, ಜಾರುವುದು. ನಾಲ್ಕಾರು ಸಲ ಆಡಿ, ಕೊನೆಗೆ ಒಂದು ಹೆಂಟೆಯ ಮೇಲೆ ಬಂದು ಕೂರುತ್ತದೆ. ಏನೂ ಆಗಿಲ್ಲ ಅನ್ನುವ ಹಾಗೆ ಅತ್ತ ಇತ್ತ ನೋಡುತ್ತದೆ.

ಇದು ಹೆಣ್ಣಿಗೆ ತೋರಿಸುವ ಆಟ. ಇದು ನನ್ನ ಜಾಗ ಅಂತ ಬೇರೆ ಗಂಡುಗಳಿಗೆ ಸಾರುವ ಡಂಗುರವೂ ಹೌದು. ಮರದ ಕೊಂಬೆ ಇದ್ದ ಹಕ್ಕಿ ಕೊಂಬೆಯ ಮೇಲೆ ಕೂತು ಹಾಡುತ್ತದೆ. ಬಯಲ ಹಕ್ಕಿಗೆ ಕೊಂಬೆ ಎಲ್ಲಿ? ಆಕಾಶವೇ ಅದರ ಕೊಂಬೆ.

ಗೂಡು, ಮೊಟ್ಟೆ, ಮರಿ

ಮಳೆಗಾಲಕ್ಕೆ ಮುಂಚೆ ನೆಲಗುಬ್ಬಿಯ ಗೂಡು ಹೆಚ್ಚು. ಬೇರೆ ತಿಂಗಳಲ್ಲೂ ಸಿಗುತ್ತದೆ.

ಗೂಡು ಅಂದರೆ ಒಂದು ಸಣ್ಣ ಗುಳಿ, ಅಷ್ಟೇ. ಕಲ್ಲಿನ ಮಗ್ಗುಲಲ್ಲೋ, ಹುಲ್ಲಿನ ಬುಡದಲ್ಲೋ ಇರುತ್ತದೆ. ಒಳಗೆ ಹುಲ್ಲಿನ ಎಳೆ, ಕೂದಲು, ಪುಕ್ಕ ಹಾಸಿರುತ್ತದೆ. ಕೆಲವು ಸಲ ಸುತ್ತ ಹರಳು ಕಲ್ಲು ಜೋಡಿಸಿರುತ್ತದೆ. ನಾವು ಅಂಗಳಕ್ಕೆ ಅಂಚು ಕಟ್ಟಿದ ಹಾಗೆ.

ಎರಡು ಮೊಟ್ಟೆ, ಹೆಚ್ಚೆಂದರೆ ಮೂರು. ಮಾಸಲು ಬಿಳಿ ಬಣ್ಣ, ಅದರ ಮೇಲೆ ಕಂದು ಚುಕ್ಕೆ. ಸುಮಾರು ಎರಡು ವಾರ ಕಾವು ಕೊಡಬೇಕು. ಗಂಡು, ಹೆಣ್ಣು ಇಬ್ಬರೂ ಸೇರಿ ಮರಿಗಳಿಗೆ ಉಣಿಸುತ್ತವೆ. (ಈ ಮಾತು ಹೇಳಿದಾಗ ಕಲಿಕಾ ಕೇಂದ್ರದಲ್ಲಿ ಎಲ್ಲರೂ ನಕ್ಕರು. ಒಬ್ಬ ಅಕ್ಕ, "ಹಂಗಾದ್ರೆ ನಮ್ಮನೆಯವರನ್ನ ಒಂದಿನ ಗೋಮಾಳಕ್ಕೆ ಕಳಿಸ್ತೀನಿ, ನೋಡ್ಕೊಂಡು ಬರ್ಲಿ" ಅಂದರು.) ಮರಿಗಳು ಹತ್ತು ಹನ್ನೆರಡು ದಿನಕ್ಕೆ ಗೂಡು ಬಿಡುತ್ತವೆ.

ಲೆಕ್ಕ ಹಾಕಿ. ಮೊಟ್ಟೆ ಇಟ್ಟ ದಿನದಿಂದ ಮರಿ ಗೂಡು ಬಿಡುವವರೆಗೆ ಒಂದು ತಿಂಗಳೂ ಇಲ್ಲ. ಅಷ್ಟು ದಿನ ಆ ಗೊರಸಿನಷ್ಟು ಜಾಗ ಸುರಕ್ಷಿತವಾಗಿ ಇದ್ದರೆ ಸಾಕು, ಒಂದು ಸಂಸಾರ ದಡ ಸೇರುತ್ತದೆ.

ದೊಡ್ಡ ಹಕ್ಕಿಗೆ ಹುಲ್ಲಿನ ಬೀಜ, ಕಾಳು, ಹುಳ ಎಲ್ಲಾ ಆಗುತ್ತದೆ. ಮರಿಗೆ ಮಾತ್ರ ಹುಳ ಬೇಕು. ಮೆತ್ತಗಿನ ಹುಳ, ಸಣ್ಣ ಸಣ್ಣ ಕೀಟ. ಹೊಲದಲ್ಲಿ ಉದುರಿದ ಕಾಳನ್ನೂ ಇದು ಆರಿಸುತ್ತದೆ. ಆರಿಸಲಿ ಬಿಡಿ. ಬೆಳೆ ತಿನ್ನುವ ಹುಳವನ್ನೂ ಆರಿಸುತ್ತದಲ್ಲ.

ಈ ಹಕ್ಕಿ ಎಲ್ಲೆಲ್ಲಿದೆ? ನಮ್ಮ ದೇಶ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ. ಇಷ್ಟೇ. ಪ್ರಪಂಚದ ಬೇರೆ ಕಡೆ ಇಲ್ಲ. ಹೆಚ್ಚು ಮಳೆ ಬೀಳುವ ಕಡೆ, ದಟ್ಟ ಕಾಡಿನಲ್ಲಿ ಇರುವುದಿಲ್ಲ. ನಮ್ಮ ತುಮಕೂರು, ಚಿತ್ರದುರ್ಗ, ಬಳ್ಳಾರಿ ಕಡೆಯ ಒಣ ಬಯಲು ಇದಕ್ಕೆ ತವರು ಮನೆ.

ಇದಕ್ಕೆ ಅಪಾಯ ಇದೆಯೇ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಅಂಗನವಾಡಿಯಲ್ಲಿ ಮಗುವಿನ ತೂಕ ನೋಡುತ್ತಾರೆ. ಕಾರ್ಡಿನಲ್ಲಿ ಚುಕ್ಕೆ ಇಡುತ್ತಾರೆ. ಚುಕ್ಕೆ ಹಸಿರಿನಲ್ಲಿ ಬಿದ್ದರೆ ಮಗು ಚೆನ್ನಾಗಿದೆ. ಹಳದಿಗೆ ಇಳಿದರೆ ಗಮನ ಕೊಡಬೇಕು. ಇನ್ನೂ ಕೆಳಗೆ ಇಳಿದರೆ ಅಪಾಯ.

ಪ್ರಾಣಿ, ಪಕ್ಷಿಗಳಿಗೂ ಹೀಗೇ ಒಂದು ಕಾರ್ಡು ಇದೆ. ಪ್ರಕೃತಿಯನ್ನು ಕಾಪಾಡಲು 1948ರಲ್ಲಿ ಹಲವು ದೇಶಗಳು ಸೇರಿ ಒಂದು ಸಂಘ ಮಾಡಿಕೊಂಡವು. ಅದರ ಕಚೇರಿ ಸ್ವಿಟ್ಜರ್ಲೆಂಡ್ ದೇಶದಲ್ಲಿದೆ. 1964ರಿಂದ ಆ ಸಂಘ ಒಂದು ಪಟ್ಟಿ ಮಾಡುತ್ತಾ ಬಂದಿದೆ. ಅದಕ್ಕೆ ಕೆಂಪು ಪಟ್ಟಿ ಅಂತ ಹೆಸರು. ಯಾವ ಜೀವಿ ಕ್ಷೇಮ, ಯಾವುದು ಅಳಿವಿನ ಅಂಚಿನಲ್ಲಿದೆ ಅಂತ ಅದರಲ್ಲಿ ಬರೆಯುತ್ತಾರೆ.

ನೆಲಗುಬ್ಬಿಯ ಚುಕ್ಕೆ ಹಸಿರಿನಲ್ಲಿದೆ. ಸದ್ಯಕ್ಕೆ ಚಿಂತೆ ಇಲ್ಲ ಅನ್ನುವ ಗುಂಪಿನಲ್ಲಿ ಅದನ್ನು ಇಟ್ಟಿದ್ದಾರೆ. ಹಕ್ಕಿ ಹೇರಳವಾಗಿದೆ. ಇದು ಸಂತೋಷದ ಮಾತು. ಸುಮ್ಮನೆ ಹೆದರಿಸುವುದು ನನಗೆ ಇಷ್ಟವಿಲ್ಲ.

ಆದರೆ ಮಗು ಹಸಿರಿನಲ್ಲಿದೆ ಅಂತ ತೂಕ ನೋಡುವುದನ್ನು ನಿಲ್ಲಿಸುತ್ತೇವೆಯೇ? ಪ್ರತಿ ತಿಂಗಳೂ ನೋಡುತ್ತೇವೆ. ಯಾಕೆಂದರೆ ಇಳಿಯಲು ಶುರುವಾದದ್ದು ಮೊದಲೇ ಗೊತ್ತಾಗಬೇಕು.

ನಮ್ಮ ದೇಶದ ಹಕ್ಕಿಗಳ ತೂಕ ನೋಡುವ ಕೆಲಸವೂ ನಡೆದಿದೆ. ಹಕ್ಕಿ ನೋಡುವ ಹವ್ಯಾಸ ಇರುವ ಸುಮಾರು 30,000 ಜನ ತಾವು ಎಲ್ಲಿ, ಯಾವ ಹಕ್ಕಿ ಕಂಡೆವು ಅಂತ ಬರೆದು ಕೊಟ್ಟರು. ಅದನ್ನೆಲ್ಲಾ ಸೇರಿಸಿ 2023ರಲ್ಲಿ ಒಂದು ವರದಿ ಬಂತು. ಬಹಳ ವರ್ಷಗಳ ಲೆಕ್ಕ ಸಿಕ್ಕಿದ್ದು 338 ಜಾತಿಯ ಹಕ್ಕಿಗಳಿಗೆ. ಅದರಲ್ಲಿ 204 ಜಾತಿ ಕಡಿಮೆಯಾಗಿವೆ. 98 ಇದ್ದ ಹಾಗೇ ಇವೆ. 36 ಮಾತ್ರ ಹೆಚ್ಚಿವೆ. ಹೆಚ್ಚು ಪೆಟ್ಟು ತಿಂದವುಗಳಲ್ಲಿ ಹುಲ್ಲುಬಯಲಿನ ಹಕ್ಕಿಗಳೂ ಸೇರಿವೆ.

ನಮ್ಮ ರಾಜ್ಯದ ಹಕ್ಕಿ ಯಾವುದು, ಗೊತ್ತೇ? ನೀಲಕಂಠ. ಹಾರಿದರೆ ರೆಕ್ಕೆಯಲ್ಲಿ ನೀಲಿ ಮಿಂಚುತ್ತದೆ. ಮೊದಲು ಹೊಲದ ಬದುವಿನಲ್ಲಿ, ತಂತಿಯ ಮೇಲೆ ಎಲ್ಲೆಲ್ಲೂ ಇರುತ್ತಿತ್ತು. ಅದು ಸಾಮಾನ್ಯ ಹಕ್ಕಿ, ಅದಕ್ಕೇನು ಭಯ ಅಂದುಕೊಂಡಿದ್ದರು. ಅದು ಶೇಕಡ 30ಕ್ಕೂ ಹೆಚ್ಚು ಕಡಿಮೆಯಾಗಿದೆ, ಅದರ ಕಾರ್ಡನ್ನು ಮತ್ತೊಮ್ಮೆ ನೋಡಬೇಕು ಅಂತ ಅದೇ ವರದಿ ಹೇಳಿತು. ಇವತ್ತು ಹಸಿರಿನಲ್ಲಿ ಇರುವುದು ನಾಳೆಯೂ ಹಸಿರಿನಲ್ಲೇ ಇರುತ್ತದೆ ಅನ್ನುವ ಹಾಗಿಲ್ಲ.

ಪಾಳು ಅನ್ನುವ ಮಾತು

ನೆಲಗುಬ್ಬಿಯನ್ನು ಯಾರೂ ಹಿಡಿದು ಮುಗಿಸುತ್ತಿಲ್ಲ. ಅದರ ಮನೆ ಹೋಗುತ್ತಿದೆ. ಅದರ ಮನೆ ಅಂದರೆ ನಮ್ಮ ಗೋಮಾಳ, ಕಾವಲು, ಬೀಳು ಬಿಟ್ಟ ಹೊಲ.

ಕಾಡು ಕಡಿದರೆ ಎಲ್ಲರೂ ಅಯ್ಯೋ ಅನ್ನುತ್ತಾರೆ. ಬಯಲು ಹೋದರೆ ಅನ್ನುವುದಿಲ್ಲ. ಯಾಕೆಂದರೆ ಬಯಲಿಗೆ ನಾವು ಪಾಳು ಅಂತ ಹೆಸರಿಟ್ಟಿದ್ದೇವೆ. ಸರ್ಕಾರ ಪಾಳುಭೂಮಿಯ ನಕ್ಷೆಗಳ ಪುಸ್ತಕ ಮಾಡಿಸಿದೆ. ಅದರಲ್ಲಿ ಕುರುಚಲು ನೆಲ, ಹಾಳಾದ ಹುಲ್ಲುಗಾವಲು ಎಲ್ಲಾ ಪಾಳು ಅಂತಲೇ ಸೇರಿವೆ. ಬರೆದವರನ್ನು ಬೈದು ಏನು ಮಾಡುವುದು? ಗುದ್ದಲಿ ಹಿಡಿದು ಹೋದ ನಾನೂ ಹಾಗೇ ಅಂದಿದ್ದೆ.

ಪಾಳು ಅಂತ ಹೆಸರು ಬಿದ್ದ ಮೇಲೆ ಅದನ್ನು ಯಾವುದಕ್ಕೆ ಬೇಕಾದರೂ ಕೊಡಬಹುದು. ಕಲ್ಲು ಗಣಿಗೆ ಕೊಡಬಹುದು. ನಿವೇಶನ ಮಾಡಬಹುದು. ಕಸ ಸುರಿಯಬಹುದು. ಸಾಲಾಗಿ ನೀಲಗಿರಿ ನೆಡಬಹುದು.

ಮರ ನೆಟ್ಟರೆ ಹಕ್ಕಿಗೆ ಒಳ್ಳೆಯದಲ್ಲವೇ ಅಂತ ಕೇಳುತ್ತೀರಿ. ಮರದ ಹಕ್ಕಿಗೆ ಒಳ್ಳೆಯದು. ನೆಲಗುಬ್ಬಿ ಮರದ ಮೇಲೆ ಕೂರುವುದಿಲ್ಲ ಅಂತ ಆಗ ಓದಿದಿರಿ. ಮರ ದಟ್ಟವಾದರೆ ಹುಲ್ಲು ಏಳುವುದಿಲ್ಲ. ಹುಲ್ಲು ಇಲ್ಲದಿದ್ದರೆ ಬೀಜ ಇಲ್ಲ, ಹುಳ ಇಲ್ಲ. ಕಾಗೆ ಬಂದು ಮರದ ಮೇಲೆ ಕೂತು ಮೊಟ್ಟೆ ಹುಡುಕುತ್ತದೆ. ನಮ್ಮ ಕುರಿ, ದನಕ್ಕೂ ಮೇವಿಲ್ಲ.

ಇದಕ್ಕೆ ಒಂದು ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯ ಮಾಡಿದರು. 119 ಚದರ ಕಿಲೋಮೀಟರ್ ಜಾಗ. ಒಂದು ಕಾಲಕ್ಕೆ ಅದು ಹುಲ್ಲು, ಕುರುಚಲಿನ ಬಯಲು. ಅದರ ಬಹುಭಾಗದಲ್ಲಿ ನೀಲಗಿರಿ ಬೆಳೆಸಿದರು. ಆ ಬಯಲಿನಲ್ಲಿ ಎರೆಭೂತ ಅನ್ನುವ ಹಕ್ಕಿ ಓಡಾಡುತ್ತಿತ್ತು. ಹೆದರಬೇಡಿ, ಭೂತ ಅಲ್ಲ. ಎರೆ ಮಣ್ಣಿನ ಸೀಮೆಯಲ್ಲಿ ಅದನ್ನು ಹಾಗೆ ಕರೆಯುತ್ತಾರೆ. ಮೂರು ಅಡಿ ಎತ್ತರದ ದೊಡ್ಡ ಹಕ್ಕಿ. ಅದೂ ನೆಲಗುಬ್ಬಿಯ ಹಾಗೆ ನೆಲದ ಮೇಲೆಯೇ ಮೊಟ್ಟೆ ಇಡುತ್ತದೆ. ಸಾಮಾನ್ಯವಾಗಿ ಒಂದೇ ಮೊಟ್ಟೆ. ಈಗ ರಾಣೆಬೆನ್ನೂರಿನಲ್ಲಿ ಎರೆಭೂತ ಕಾಣುವುದಿಲ್ಲ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಕಂಡಿವೆ. ಇಡೀ ದೇಶದಲ್ಲಿ ಉಳಿದಿರುವುದು ಸುಮಾರು 150. ಹೆಚ್ಚಿನವು ರಾಜಸ್ಥಾನದಲ್ಲಿವೆ. 2011ರಿಂದ ಅದರ ಚುಕ್ಕೆ ಕಾರ್ಡಿನ ತೀರಾ ಕೆಳಗೆ, ಅಳಿವಿನ ಅಂಚಿನಲ್ಲಿದೆ.

ನೀಲಗಿರಿ ಅಂತರ್ಜಲ ಹೀರುತ್ತದೆ ಅಂತ ಹೇಳಿ 2017ರಲ್ಲಿ ನಮ್ಮ ಸರ್ಕಾರ ಅದನ್ನು ಬೆಳೆಸಬಾರದು ಅಂತ ಆದೇಶ ಹೊರಡಿಸಿತು. ಎರೆಭೂತಕ್ಕೆ ಅದು ತಡವಾಯಿತು.

ಬಯಲನ್ನು ಬಯಲಾಗಿಯೇ ಉಳಿಸಿದ ಕಡೆಯೂ ಇದೆ. ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಗೆ ಹೋಗಿ ನೋಡಿ. 2007ರಲ್ಲಿ ಅಲ್ಲಿ ಸುಮಾರು 800 ಎಕರೆ ಹುಲ್ಲುಬಯಲನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ಬೆಳಗಿನ ಹೊತ್ತು ಹುಲ್ಲಿನ ನಡುವೆ ಜಿಂಕೆಗಳ ಹಿಂಡು ನಿಂತಿರುತ್ತದೆ.

ಗೋಮಾಳದ ಲೆಕ್ಕ

ಗೋಮಾಳ ಯಾರ ದಯೆಯಿಂದಲೂ ಬಂದದ್ದಲ್ಲ. ಅದಕ್ಕೆ ಕಾನೂನು ಇದೆ. ಕರ್ನಾಟಕ ಭೂ ಕಂದಾಯ ನಿಯಮಗಳು 1966ರಲ್ಲಿ ಬಂದವು. ಪ್ರತಿ 100 ದನಕ್ಕೆ 12 ಹೆಕ್ಟೇರ್ ಸರ್ಕಾರಿ ಜಮೀನನ್ನು ಮೇವಿಗಾಗಿ ಬಿಡಬೇಕು ಅಂತ ಅದರಲ್ಲಿದೆ. 12 ಹೆಕ್ಟೇರ್ ಅಂದರೆ ಸುಮಾರು 30 ಎಕರೆ. ನಿಮ್ಮ ಊರಲ್ಲಿ 200 ದನ ಇವೆ ಅಂತ ಇಟ್ಟುಕೊಳ್ಳಿ. ಆಗ ಸುಮಾರು 60 ಎಕರೆ ಗೋಮಾಳ ಇರಬೇಕು. ಇದನ್ನು ಕಡಿಮೆ ಮಾಡುವ ಅಧಿಕಾರ ಜಿಲ್ಲಾಧಿಕಾರಿಗಳಿಗೆ ಇದೆ. ಆದ್ದರಿಂದ ಕಡಿಮೆ ಇದ್ದರೆ ಯಾವಾಗ, ಯಾಕೆ ಕಡಿಮೆಯಾಯಿತು ಅಂತ ಗ್ರಾಮಸಭೆಯಲ್ಲಿ ಕೇಳಿ. ಪಹಣಿಯಲ್ಲಿ ಗೋಮಾಳ ಅಂತ ಬರೆದಿರುತ್ತದೆ. ಈಗ ನಿಮಗೆ ಓದಲು ಬರುತ್ತದೆ. ನೀವೇ ಓದಿ.

ಗೂಡಿನ ಬಗ್ಗೆಯೂ ಎರಡು ಮಾತು. ಗೂಡು ಕಂಡರೆ ಮುಟ್ಟಬೇಡಿ. ಗುರುತಿಗೆ ಅಂತ ಕೋಲು ನೆಡಬೇಡಿ, ಕಾಗೆಗೆ ದಾರಿ ತೋರಿಸಿದ ಹಾಗೆ ಆಗುತ್ತದೆ. ಮೇಕೆಗಳನ್ನು ಸ್ವಲ್ಪ ಬಳಸಿ ಹೊಡೆದುಕೊಂಡು ಹೋಗಿ. ಹೊಸ ಹುಲ್ಲು ಚೆನ್ನಾಗಿ ಬರಲಿ ಅಂತ ಬೇಸಿಗೆಯಲ್ಲಿ ಕೆಲವರು ಬಯಲಿಗೆ ಬೆಂಕಿ ಇಡುತ್ತಾರೆ. ಗೂಡು ಕಟ್ಟುವ ಕಾಲವೂ ಅದೇ. ಮರಿಗೆ ರೆಕ್ಕೆ ಬಂದಿರುವುದಿಲ್ಲ, ಓಡಲು ಆಗುವುದಿಲ್ಲ. ಮಕ್ಕಳು ಮೊಟ್ಟೆ ಎತ್ತಿಕೊಂಡು ಬಂದರೆ ತಿಳಿಸಿ ಹೇಳಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಕಾಡು ಹಕ್ಕಿಯ ಗೂಡು, ಮೊಟ್ಟೆ ಹಾಳು ಮಾಡುವುದು ತಪ್ಪು. ಬೇಟೆಯ ಲೆಕ್ಕಕ್ಕೇ ಅದು ಸೇರುತ್ತದೆ.

ಅಜ್ಜಿ ತೋರಿಸಿದ ಗೂಡು ಏನಾಯಿತು ಅಂತ ನೀವು ಕೇಳಬಹುದು. ಅಜ್ಜಿ ಪ್ರತಿ ದಿನ ದೂರದಿಂದ ನೋಡಿ ಬರುತ್ತಿದ್ದರು. ರಾತ್ರಿ ಕಲಿಕಾ ಕೇಂದ್ರಕ್ಕೆ ಬಂದು ಸುದ್ದಿ ಹೇಳುತ್ತಿದ್ದರು. ಒಂದು ದಿನ ತಮ್ಮ ಸ್ಲೇಟಿನ ಮೇಲೆ ಏನೋ ಬರೆದು ತಂದು ನನ್ನ ಮುಂದೆ ಹಿಡಿದರು. ಅಕ್ಷರ ಸೊಟ್ಟ ಇತ್ತು. "ಎರಡು ಮರಿ" ಅಂತ ಓದಿಕೊಂಡೆ.

ಆಮೇಲೆ ಮಳೆ ಶುರುವಾಯಿತು. ಎರಡು ವಾರ ಬಿಟ್ಟು ನಾನೂ ಹೋಗಿ ನೋಡಿದೆ. ಗುಳಿ ಖಾಲಿ ಇತ್ತು. ಮಕ್ಕಳು ಅರ್ಧ ತೋಡಿ ಬಿಟ್ಟ ಗುಂಡಿಗಳಲ್ಲಿ ನೀರು ನಿಂತಿತ್ತು. ಅದರ ಸುತ್ತ, ಅಜ್ಜಿ ಹೇಳಿದ ಹಾಗೆಯೇ, ಹುಲ್ಲು ಎದ್ದಿತ್ತು.